‘ಬಸ್’ ಎಷ್ಟು ಅಕ್ಷರ? ಮನೆಮಂದಿಗೊಂದು ಪದದಾಟ ಕಟ್ಟಿದ ಲೆಕ್ಕ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಮೊದಲು ಬರುತ್ತಿದ್ದುದು ದೇವರ ಫೋಟೋ, ಆಮೇಲೆ ಗುಲಾಬಿ ಹೂವಿನ ಮೇಲೆ ಬರೆದ ಶುಭೋದಯ. ಈಗ ಬರುವುದು ಬಣ್ಣದ ಚೌಕಗಳು. ಹನ್ನೊಂದು ಜನ ಆಡುತ್ತೇವೆ. ಹುಬ್ಬಳ್ಳಿಯಲ್ಲಿ ನಮ್ಮ ಅತ್ತೆ, ಸಾಗರದಲ್ಲಿ ದೊಡ್ಡಪ್ಪ, ಪುತ್ತೂರಿನಲ್ಲಿ ಅತ್ತಿಗೆ, ಕ್ಯಾಲಿಫೋರ್ನಿಯಾದಲ್ಲಿ ತಂಗಿ, ಪಿಯುಸಿ ಓದುವ ಅಕ್ಕನ ಮಗ, ಹೀಗೆ. ಮೈಸೂರಿನಲ್ಲಿ ಕೂತು ಆಟ ಕಟ್ಟಿದವಳು ನಾನು, ರಿಪೇರಿಯೂ ನನ್ನದೇ.

ಮೊದಲು ನಮ್ಮಲ್ಲಿ ನಾಲ್ಕೈದು ಜನ ಇಂಗ್ಲಿಷ್ ವರ್ಡಲ್ ಆಡುತ್ತಿದ್ದೆವು. ದಿನಕ್ಕೊಂದು ಗುಟ್ಟಿನ ಪದ, ಆರು ಊಹೆಯೊಳಗೆ ಹಿಡಿಯಬೇಕು. ಊಹಿಸಿದ ಪದದಲ್ಲಿ ಜಾಗವೂ ಸರಿಯಿರುವ ಅಕ್ಷರದ ಚೌಕ ಹಸಿರು, ಉತ್ತರದಲ್ಲಿದ್ದೂ ಜಾಗ ತಪ್ಪಿದ್ದು ಹಳದಿ, ಇಲ್ಲದ್ದು ಬೂದು ಅಥವಾ ಕಪ್ಪು. ಜೋಶ್ ವಾರ್ಡಲ್ ಎಂಬಾತ ತನ್ನ ಸಂಗಾತಿ ಪಲಕ್ ಶಾಗೆ ಪದದಾಟ ಇಷ್ಟ ಅಂತ ಮಾಡಿದ ಆಟ ಅದು. ಐದಕ್ಷರದ ಸುಮಾರು 12,000 ಇಂಗ್ಲಿಷ್ ಪದಗಳಲ್ಲಿ ತನಗೆ ಗೊತ್ತಿರುವವನ್ನು ಆಕೆಯೇ ಆರಿಸಿ 2,500ರ ಸುತ್ತಮುತ್ತ ಇಳಿಸಿದಳು. 2021ರ ನವೆಂಬರ್ 1ಕ್ಕೆ ಆಡುತ್ತಿದ್ದವರು 90 ಜನ. ಎರಡು ತಿಂಗಳು ಕಳೆದ ಮೇಲೆ ಮೂರು ಲಕ್ಷ. ಜನವರಿ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ನಾವು ಆ ಮೂರು ಲಕ್ಷದ ಬಾಲದಲ್ಲಿ ಸೇರಿಕೊಂಡವರು.

ಚೌಕಗಳನ್ನು ಗುಂಪಿಗೆ ಹಾಕಿದಾಗಲೆಲ್ಲ ಅತ್ತೆ ಕೇಳುತ್ತಿದ್ದರು. “ಅದೇನವಾ ದಿನಾ ಹಸರು ಹಳದಿ ಹಾಕ್ತೀರಿ? ನನಗೂ ಆಡ್ಲಿಕ್ಕೆ ಬರೂ ಹಂಗ ಒಂದ್ ಮಾಡಿಕೊಡು.” ಕನ್ನಡಕ್ಕೂ ಇಂಥ ಆಟ ಮಾಡಿದವರಿದ್ದಾರೆ, ಕೊಂಡಿ ಕಳಿಸಿದರೆ ಮುಗಿಯುತ್ತಿತ್ತು. ಆದರೆ ಅತ್ತೆಗೆ ನಮ್ಮೆಲ್ಲರ ಜೊತೆ ಆಡಬೇಕಿತ್ತು, ನಮ್ಮ ಮನೆಯ ಪದಗಳೊಂದಿಗೆ. ಒಂದು ಶನಿವಾರ ರಾತ್ರಿ ಕೂತೆ. ಒಂದೇ ಪುಟ, ಜಾವಾಸ್ಕ್ರಿಪ್ಟು, ಸರ್ವರ್ ಗಿರ್ವರ್ ಏನೂ ಇಲ್ಲ. ಎರಡು ಗಂಟೆ ಕೆಲಸ ಅಂದುಕೊಂಡಿದ್ದೆ.

ಮೊದಲ ರಾತ್ರಿ: ಎಣಿಕೆ

ಎರಡು ಗಂಟೆ ಆಟ ಬರೆಯುವುದಕ್ಕೆ ಸರಿಹೋಯಿತು. ಉಳಿದ ರಾತ್ರಿಯೆಲ್ಲ ಹೋದದ್ದು ‘ಕನ್ನಡ’ ಎಂಬ ಪದ ಮೂರಕ್ಷರ ಅಂತ ಕಂಪ್ಯೂಟರಿಗೆ ಒಪ್ಪಿಸುವುದಕ್ಕೆ.

ಉದ್ದ ಎಷ್ಟು ಅಂತ ನೇರ ಕೇಳಿದರೆ ಐದು ಅನ್ನುತ್ತದೆ. ಕ, ನ, ಆ ನಕಾರದ ಸ್ವರ ಕಳೆಯುವ ಚಿಹ್ನೆ (ಅದರ ಹೆಸರು ವಿರಾಮ), ಮತ್ತೆ ನ, ಡ. ಎಲ್ಲ ಲಿಪಿಗಳ ಚಿಹ್ನೆಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಒತ್ತಕ್ಷರ ಅಂತ ಪ್ರತ್ಯೇಕ ಏನೂ ಇಲ್ಲ. ಎರಡು ವ್ಯಂಜನಗಳ ನಡುವೆ ವಿರಾಮ ಇದ್ದರೆ ಫಾಂಟು ಎರಡನೆಯದನ್ನು ಕೆಳಗೆ ಕೂರಿಸುತ್ತದೆ, ಅಷ್ಟೇ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದು ಅಕ್ಷರ, ಯಂತ್ರಕ್ಕೆ ಆರು.

ಹೊಸ ಬ್ರೌಸರುಗಳಲ್ಲಿ ಪಠ್ಯವನ್ನು ತುಂಡು ಮಾಡಿಕೊಡುವ ಸೆಗ್ಮೆಂಟರ್ ಎಂಬ ಸವಲತ್ತಿದೆ, ಅದನ್ನು ಹಚ್ಚಿದೆ. ‘ಕನ್ನಡ’ ನಾಲ್ಕಾಯಿತು. ಕ, ನ್, ನ, ಡ. ಹುಡುಕಿದಾಗ ಕಾರಣ ಸಿಕ್ಕಿತು. ಒತ್ತಕ್ಷರವನ್ನು ಒಡೆಯಬಾರದು ಎಂಬ ನಿಯಮ ಯೂನಿಕೋಡಿನ ತುಂಡು ಮಾಡುವ ಪದ್ಧತಿಗೆ ಸೇರಿದ್ದು 2023ರ 15.1ನೇ ಆವೃತ್ತಿಯಲ್ಲಿ. ಆಗ ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪಕ್ಕದ ಮನೆ ತೆಲುಗಿಗೆ ಊಟ ಬಡಿಸಿ ನಮ್ಮ ಎಲೆ ಖಾಲಿ ಬಿಟ್ಟ ಹಾಗಾಯಿತು.

ಸರಿ, ಕೈಯಲ್ಲೇ ಬರೆದೆ. ನಿಯಮ ಬಾಯಲ್ಲಿ ಹೇಳಿದರೆ ಇಷ್ಟು: ಒಂದು ಸ್ವರ ಬಂದರೆ ಅದೊಂದು ಅಕ್ಷರ. ಇಲ್ಲವಾದರೆ ಒಂದು ವ್ಯಂಜನ, ಅದರ ಬೆನ್ನಿಗೆ ‘ವಿರಾಮ ಮತ್ತು ವ್ಯಂಜನ’ ಜೋಡಿ ಎಷ್ಟು ಬಂದರೂ ಸರಿ, ಆಮೇಲೆ ಗುಣಿತದ ಚಿಹ್ನೆ ಇದ್ದರೆ ಅದು. ಎರಡಕ್ಕೂ ಕೊನೆಯಲ್ಲಿ ಸೊನ್ನೆಯೋ ವಿಸರ್ಗವೋ ಇದ್ದರೆ ಅದನ್ನೂ ಸೇರಿಸಿ ಕಟ್ಟು. ಒಂದನೇ ಕ್ಲಾಸಿನಲ್ಲಿ ಟೀಚರು ಕಲಿಸಿದ್ದೂ ಇದನ್ನೇ, ಚಿಹ್ನೆಗಳಲ್ಲಿ ಬರೆದರೆ ಒಂದೂವರೆ ಸಾಲು. ಗುಣಿತದ ಚಿಹ್ನೆ ಒಂದಕ್ಕಿಂತ ಹೆಚ್ಚು ಬಂದರೂ ನುಂಗಿಕೊಳ್ಳಲಿ ಅಂತ ಸಡಿಲ ಬಿಟ್ಟಿದ್ದೆ. ಅದಕ್ಕೆ ದಂಡ ತೆತ್ತ ಕಥೆ ಮುಂದಿದೆ.

‘ಕನ್ನಡ’ ಮೂರು. ‘ಅರಮನೆ’ ನಾಲ್ಕು. ‘ಸೂರ್ಯಕಾಂತಿ’ ನಾಲ್ಕು. ನಾಲ್ಕಕ್ಷರದ ಪದ, ಆರು ಅವಕಾಶ ಅಂತ ನಿಗದಿ ಮಾಡಿ ಮಲಗಿದೆ.

ಬಸ್ ಜಗಳ

ಪ್ರಯೋಗಕ್ಕೆ ಕಳಿಸಿದ್ದು ದೊಡ್ಡಪ್ಪನಿಗೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರು. ಅವರು ಆಟ ಆಡಲಿಲ್ಲ, ಪರೀಕ್ಷೆ ಮಾಡಿದರು. ‘ಟೆಲಿಫೋನ್’ ಅಂತ ಹಾಕಿದ್ದಾರೆ. ಆಟ ಅದನ್ನು ಟೆ, ಲಿ, ಫೋ, ನ್ ಅಂತ ನಾಲ್ಕು ಚೌಕದಲ್ಲಿ ಕೂರಿಸಿತು. ಫೋನ್ ಬಂತು.

“ಪುಟ್ಟೀ, ಈ ‘ನ್’ ಅನ್ನೋದು ಅಕ್ಷರ ಹೇಗಾಗುತ್ತೆ? ಸ್ವರ ಇಲ್ಲ ಅದಕ್ಕೆ.”

“ಮತ್ತೆ ಅದನ್ನ ಎಲ್ಲಿ ಇಡ್ಲಿ ದೊಡ್ಡಪ್ಪ? ಬರೆಯೋವಾಗ ಬೇರೆ ಜಾಗ ತಗೊಳುತ್ತಲ್ಲ.”

“ಜಾಗ ತಗೊಂಡ್ರೆ ಅಕ್ಷರ ಆಯ್ತಾ? ಛಂದಸ್ಸಲ್ಲಿ ಅದು ಹಿಂದಿನ ಅಕ್ಷರಕ್ಕೆ ಅಂಟಿ ಅದನ್ನ ಗುರು ಮಾಡುತ್ತೆ, ಅಷ್ಟೇ. ‘ಬಸ್’ ಒಂದೇ ಅಕ್ಷರ.”

ಗುಂಪಿನಲ್ಲಿ ಕೇಳಿದೆ: ‘ಬಸ್’ ಎಷ್ಟು ಅಕ್ಷರ? ಸಂಜೆಯೊಳಗೆ ಎರಡು ಪಕ್ಷ. ತಂಗಿ ಮತ್ತು ಅಕ್ಕನ ಮಗ ಎರಡು ಅಂದರು, ಫೋನಿನಲ್ಲಿ ಹಾಗೇ ಕಾಣುತ್ತದಲ್ಲ ಅಂತ. ದೊಡ್ಡಪ್ಪ ಒಂದು. ಅತ್ತಿಗೆ ಒಂದೂವರೆ ಅಂದು ಇಬ್ಬರಿಗೂ ಬೇಡವಾದರು. ಇದನ್ನು ಬಗೆಹರಿಸಿದವರು ಅತ್ತೆ. ಒಂದು ವಾಯ್ಸ್ ಮೆಸೇಜು: “ಬಸ್ ಯಾರಂತಾರವಾ? ಬಸ್ಸು. ಬ, ಸ್ಸು. ಎಲ್ಡು.”

ನಕ್ಕೆ, ಆಮೇಲೆ ನಗು ನಿಂತಿತು. ಜಗಳಕ್ಕೆ ಬಿದ್ದವರೆಲ್ಲ ಬಿಟ್ಟ ಮಾತು ಅದೇ. ವ್ಯಂಜನದಲ್ಲಿ ಮುಗಿಯುವ ಪದ ಹೊರಗಿನಿಂದ ಬಂದರೆ ನಮ್ಮ ಬಾಯಿ ಕೊನೆಗೊಂದು ಉಕಾರ ಹಚ್ಚಿ ಒಳಗೆ ಕರೆದುಕೊಳ್ಳುತ್ತದೆ. ಬಸ್ಸು, ಕಾರು, ಟೇಬಲ್ಲು, ಫೋನು. ಉತ್ತರದ ಪಟ್ಟಿಗೆ ನಿಯಮ ಮಾಡಿದೆ: ಅರ್ಧಾಕ್ಷರದಲ್ಲಿ ಮುಗಿಯುವ ಪದ ಉತ್ತರವಾಗಬಾರದು. ಊಹೆಯಾಗಿ ಹಾಕಿದರೆ ಕೊನೆಯ ಅರ್ಧಾಕ್ಷರ ಹಿಂದಿನ ಚೌಕದಲ್ಲೇ ಕೂರುತ್ತದೆ. ‘ಟೆಲಿಫೋನ್’ ಈಗ ಮೂರಕ್ಷರ, ಆಟಕ್ಕೆ ಸಲ್ಲುವುದಿಲ್ಲ. ‘ಟೆಲಿಫೋನು’ ಸಲ್ಲುತ್ತದೆ.

ಬರೀ ಕಪ್ಪು

ಮೊದಲ ವಾರ ಯಾರೂ ಗೆಲ್ಲಲಿಲ್ಲ. ಉತ್ಪ್ರೇಕ್ಷೆಯಲ್ಲ, ಒಬ್ಬರೂ ಗೆಲ್ಲಲಿಲ್ಲ. ಅತ್ತಿಗೆಯ ಮೆಸೇಜು: “ಎಂತ ಮಾರಾಯ್ತಿ ಇದು, ನಾಲ್ಕು ದಿನದಿಂದ ಬರೇ ಕಪ್ಪು ತೋರಿಸ್ತದೆ. ಹಾಳಾಗಿದೆಯಾ ನೋಡು.”

ಹಾಳಾಗಿರಲಿಲ್ಲ. ಲೆಕ್ಕ ಹಾಕಿ ನೋಡಿ ನನಗೇ ನಾಚಿಕೆಯಾಯಿತು. ಇಂಗ್ಲಿಷಿನಲ್ಲಿ 26 ಅಕ್ಷರ. ಐದೈದರಂತೆ ನಾಲ್ಕು ಊಹೆ ಮುಗಿಯುವ ಹೊತ್ತಿಗೆ ಮುಕ್ಕಾಲು ವರ್ಣಮಾಲೆ ತಡಕಿರುತ್ತೀರಿ. ನಮ್ಮಲ್ಲಿ 34 ವ್ಯಂಜನ, 13 ಸ್ವರ, ಕಾಗುಣಿತವೇ 442. ಬಿಡಿ ಸ್ವರ ಸೇರಿದರೆ 455. ಒಂದೊಂದಕ್ಕೂ ಸೊನ್ನೆ ಹಚ್ಚಬಹುದು, ಆಗ ಅದರ ಎರಡರಷ್ಟು. ಒತ್ತಕ್ಷರ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಆರು ಊಹೆಯಲ್ಲಿ ಆಟಗಾರ ಹೆಚ್ಚೆಂದರೆ 24 ಅಕ್ಷರ ಮುಟ್ಟುತ್ತಾನೆ. ಕತ್ತಲೆ ಕೋಣೆಯಲ್ಲಿ ಸೂಜಿ ಹುಡುಕಿ ಅಂತ ಬಿಟ್ಟಿದ್ದೆ ನಾನು.

ಅದಕ್ಕೆ ನಾಲ್ಕನೇ ಬಣ್ಣ ತಂದೆ, ನೇರಳೆ. ಅಕ್ಷರದ ಜಾಗ ಸರಿ, ವ್ಯಂಜನ ಸರಿ, ಗುಣಿತ ಬೇರೆ ಅಂತ ಅರ್ಥ. ಉತ್ತರ ‘ಅರಮನೆ’ ಇದ್ದು ನೀವು ‘ಪರಿಮಳ’ ಹಾಕಿದರೆ ಪ ಕಪ್ಪು, ರಿ ನೇರಳೆ, ಮ ಹಸಿರು, ಳ ಕಪ್ಪು. ಎರಡನೆಯದು ರ, ರಾ, ರು, ರೆ ಯಾವುದೋ ಇರಬೇಕು ಅಂತ ಒಂದು ದಾರಿ ಸಿಕ್ಕಿತಲ್ಲ. ಅವತ್ತಿನಿಂದ ಆಟ ಆಟವಾಯಿತು. ಜನ ನಾಲ್ಕನೆಯ, ಐದನೆಯ ಊಹೆಗೆ ಮುಟ್ಟತೊಡಗಿದರು.

ಇದೇ ಸಂದರ್ಭದಲ್ಲಿ ಇನ್ನೊಂದು ಹಳೇ ತಪ್ಪು ಬಯಲಾಯಿತು. ಅದೇ ‘ಅರಮನೆ’ಗೆ ತಂಗಿ ‘ಮಮಕಾರ’ ಹಾಕಿದ್ದಳು, ಎರಡು ಮಕಾರಕ್ಕೂ ಹಳದಿ ಬಂತು. ಎರಡು ಮ ಇವೆ ಅಂದುಕೊಂಡು ಅವಳು ಮುಂದಿನ ಮೂರು ಊಹೆ ಕಳೆದುಕೊಂಡಳು. ಇದು ಈ ಜಾತಿಯ ಆಟ ಕಟ್ಟುವ ಪ್ರತಿಯೊಬ್ಬರೂ ಎಡವುವ ಕಲ್ಲು. ಒಂದೇ ಓಟದಲ್ಲಿ ‘ಈ ಅಕ್ಷರ ಉತ್ತರದಲ್ಲಿದೆಯೇ’ ಅಂತ ಕೇಳುತ್ತ ಹೋಗಬಾರದು. ಮೊದಲ ಓಟದಲ್ಲಿ ಹಸಿರು ಮಾತ್ರ ಹಚ್ಚಿ, ಹಸಿರಾದ ಅಕ್ಷರವನ್ನು ಉತ್ತರದ ಖಾತೆಯಿಂದ ಕಳೆಯಬೇಕು. ಎರಡನೇ ಓಟದಲ್ಲಿ ಖಾತೆಯಲ್ಲಿ ಉಳಿದಿದ್ದರೆ ಮಾತ್ರ ಹಳದಿ, ಕೊಟ್ಟ ಮೇಲೆ ಅದನ್ನೂ ಕಳೆಯಬೇಕು. ‘ಅರಮನೆ’ಯಲ್ಲಿ ಇರುವುದು ಒಂದು ಮ, ಮೊದಲ ಚೌಕ ಹಳದಿ, ಎರಡನೆಯದು ಕಪ್ಪು. ನನ್ನದು ಮೂರು ಓಟ, ನೇರಳೆಗೆ ಕೊನೆಯದು.

ಅರ್ಕಾವತ್ತಿನ ತಕರಾರು ಬಂದದ್ದು ಮೂರನೇ ವಾರ. ಉತ್ತರ ‘ಸೂರ್ಯಕಾಂತಿ’. ದೊಡ್ಡಪ್ಪ ಹಾಕಿದ್ದು ‘ಸಾಯಂಕಾಲ’. ಸಾ ನೇರಳೆ, ಕಾ ನೇರಳೆ, ಸರಿ. ಯಂ ಮಾತ್ರ ಕಪ್ಪು. ಕೋಡ್ ‘ರ್ಯ’ದ ಮೊದಲ ವ್ಯಂಜನ ರಕಾರ ಅಂತ ಹಿಡಿದಿತ್ತು, ಯಂಗೂ ರಗೂ ತಾಳೆಯಾಗಲಿಲ್ಲ. ಕೇಳಿಸುವ ಕ್ರಮವೂ ಅದೇ, ಮೊದಲು ರ್, ಆಮೇಲೆ ಯ. ಆದರೆ ದೊಡ್ಡಪ್ಪನ ಮಾತು ಕೈಯದು. “ಬರೆಯುವಾಗ ಕೈ ಮೊದಲು ಬರೆಯೋದು ಯ. ಅರ್ಕಾವತ್ತು ಪಕ್ಕಕ್ಕೆ ಆಮೇಲೆ ಬರುತ್ತೆ. ದೊಡ್ಡದಾಗಿ ಕಾಣೋ ಯಕಾರಕ್ಕೆ ಮರ್ಯಾದೆ ಇಲ್ವ?” ಅಚ್ಚಿನಲ್ಲಿ ಕೆಲವರು ರ ದೊಡ್ಡದಾಗಿ ಬರೆದು ಯಕಾರವನ್ನು ಒತ್ತಾಗಿ ಕೆಳಗೆ ಇಡುವುದೂ ಉಂಟು, ‘ಸೂರ‍್ಯ’ ಅಂತ. ಅದಕ್ಕೆ ನಡುವೆ ಕಾಣದ ಒಂದು ಜೋಡಕ ಚಿಹ್ನೆ ಇರುತ್ತದೆ, ಹೋಲಿಸುವ ಮೊದಲು ಅದನ್ನು ಕಿತ್ತುಹಾಕದಿದ್ದರೆ ಒಂದೇ ಪದ ಎರಡಾಗುತ್ತದೆ. ಕೊನೆಗೆ ನೇರಳೆಯ ನಿಯಮವನ್ನು ಸಡಿಲಿಸಿದೆ. ಅದೇ ಜಾಗದಲ್ಲಿ ಯಾವುದಾದರೂ ಒಂದು ವ್ಯಂಜನ ಸಮಾನವಾಗಿದ್ದರೆ ಸಾಕು. ಈಗ ‘ಸಾಯಂಕಾಲ’ಕ್ಕೆ ಮೂರು ನೇರಳೆ.

ನೇರಳೆಯ ಇನ್ನೊಂದು ಫಜೀತಿ ಸಣ್ಣದು. ಬಣ್ಣದ ಚೌಕದ ಇಮೋಜಿಗಳಲ್ಲಿ ಹಸಿರು, ಹಳದಿ, ನೇರಳೆ ಎಲ್ಲ ಬಂದದ್ದು 2019ರಲ್ಲಿ. ಅದಕ್ಕೂ ಹಳೆಯ ಫೋನ್ ಇಟ್ಟುಕೊಂಡ ನಮ್ಮ ಚಿಕ್ಕಪ್ಪನಿಗೆ ಎಲ್ಲರ ಫಲಿತಾಂಶವೂ ಖಾಲಿ ಡಬ್ಬಿ. ಅವರಿಗೆಂದು ಒಂದು ಗುಂಡಿ ಇಟ್ಟೆ, ಒತ್ತಿದರೆ ಬಣ್ಣದ ಬದಲು ಅಕ್ಷರ ಹೋಗುತ್ತದೆ: ಸರಿಗೆ ‘ಸ’, ಜಾಗ ತಪ್ಪಿದ್ದಕ್ಕೆ ‘ಜಾ’, ಗುಣಿತಕ್ಕೆ ‘ಗು’, ಇಲ್ಲದ್ದಕ್ಕೆ ‘ಇ’. ಈ ಚೌಕ ಹಂಚುವ ಪದ್ಧತಿಯೂ ಆಡುವವರಿಂದಲೇ ಹುಟ್ಟಿದ್ದು. ನ್ಯೂಜಿಲೆಂಡಿನ ಆಟಗಾರರು ಕೈಯಲ್ಲಿ ಒಂದೊಂದೇ ಇಮೋಜಿ ಒತ್ತಿ ತಮ್ಮ ಫಲಿತಾಂಶ ತೋರಿಸುತ್ತಿದ್ದರು, ವಾರ್ಡಲ್ ಅದನ್ನು ನೋಡಿ 2021ರ ಡಿಸೆಂಬರಿನಲ್ಲಿ ಆಟದೊಳಗೇ ಸೇರಿಸಿದ.

ಪದದ ರಿಜಿಸ್ಟರು

ಊಹೆಗೆ ಹಾಕಿದ್ದು ಪದವೇ ಹೌದೋ ಅಲ್ಲವೋ ಅಂತ ನೋಡಲು ಪಟ್ಟಿ ಬೇಕು. ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಿಂದ ಮುಕ್ತ ಪರವಾನಗಿಯಲ್ಲಿ ಸಿಗುತ್ತದೆ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದ. ಅದರಲ್ಲಿ ನಾಲ್ಕಕ್ಷರದವನ್ನು ಸೋಸಿಕೊಂಡೆ. ಆದರೆ ನಿಘಂಟಿನಲ್ಲಿ ಇರುವುದು ‘ಮನೆ’, ಜನ ಹಾಕುವುದು ‘ಮನೆಯಲ್ಲಿ’. ನಮ್ಮ ಭಾಷೆಯಲ್ಲಿ ಪ್ರತ್ಯಯ ಹಚ್ಚುತ್ತ ಹೋದರೆ ಪಟ್ಟಿಗೆ ಕೊನೆಯಿಲ್ಲ. ಕನ್ನಡ ವಿಕಿಪೀಡಿಯದ ಪಠ್ಯವನ್ನು ಇಳಿಸಿಕೊಂಡು, ಹಲವು ಸಲ ಬಂದ ನಾಲ್ಕಕ್ಷರದ ಪದಗಳನ್ನೆಲ್ಲ ಊಹೆಯ ಪಟ್ಟಿಗೆ ಸೇರಿಸಿದೆ. ಅಲ್ಲಿಂದ ಒಂದು ವಿಚಿತ್ರ ಪ್ರಾಣಿ ಒಳಗೆ ಬಂತು. ‘ಸಂ’ ಎಂಬಲ್ಲಿ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ ಒತ್ತಿದ ಪದಗಳು. ನೋಡಲು ಎರಡೂ ದುಂಡಗೆ, ಯಾರಿಗೂ ಗೊತ್ತಾಗುವುದಿಲ್ಲ. ಪದದ ನಡುವೆ ಅಂಕಿ ಸೊನ್ನೆ ಕಂಡರೆ ಅನುಸ್ವಾರ ಮಾಡು ಅಂತ ಒಂದು ಸಾಲು ಬರೆದೆ.

ಉತ್ತರದ ಪಟ್ಟಿಯ ಸಮಸ್ಯೆ ಬೇರೆ. ನಾನೇ ಆರಿಸಿದರೆ ನಾನು ಆಡುವುದು ಹೇಗೆ? ಕಟ್ಟುವ ಗೋಜಿಗೆ ಬಿದ್ದದ್ದೇ ಜೊತೆಗೆ ಆಡಲಿಕ್ಕೆ. ಆಗ ದೊಡ್ಡಪ್ಪ ಒಪ್ಪಿಕೊಂಡರು: ಎರಡು ವರ್ಷಕ್ಕೆ 730 ಪದ, ಪ್ರತ್ಯಯವಿಲ್ಲದವು, ಹತ್ತನೇ ಕ್ಲಾಸು ಓದಿದವರಿಗೆ ಗೊತ್ತಿರುವಂಥವು. ಉದ್ದನೆಯ ರಿಜಿಸ್ಟರಿನಲ್ಲಿ ಬರೆದು, ಆಮೇಲೆ ತಮ್ಮ ಹಳೇ ಕಂಪ್ಯೂಟರಿನಲ್ಲಿ ಅವರೇ ಟೈಪ್ ಮಾಡಿದರು. ಅಷ್ಟು ಪದ ಕಲಸಿ ಸಾಲು ಮಾಡಿದರೆ ಇವತ್ತಿನದು ಯಾವುದು ಅಂತ ಅವರಿಗೂ ನೆನಪಿರುವುದಿಲ್ಲ. ನಾನು ಕಡತ ತೆರೆಯುವುದಿಲ್ಲ, ಪರಿಶೀಲಿಸುವ ಪ್ರೋಗ್ರಾಮ್ ಮಾತ್ರ ಓಡಿಸುತ್ತೇನೆ. ಅದು ತಪ್ಪಿರುವ ಸಾಲಿನ ಸಂಖ್ಯೆ ಹೇಳುತ್ತದೆ, ಪದ ಹೇಳುವುದಿಲ್ಲ.

ಓಡಿಸಿದೆ. 730 ಸಾಲಿನಲ್ಲಿ 730 ತಪ್ಪು.

ಪದ ನೋಡಬಾರದೆಂದು ಕಣ್ಣು ಕಿರಿದು ಮಾಡಿಕೊಂಡು ಕಡತದ ತುದಿ ತೆರೆದರೆ ಪದವೇ ಇಲ್ಲ. ಇಂಗ್ಲಿಷ್ ಪಿ, ತಲೆಯ ಮೇಲೆ ಗೀಟೆಳೆದ ಎ, ಪೌಂಡಿನ ಗುರುತು, ಮತ್ತೆ ಗೀಟಿನ ಎ. ಕಂಡವರಿಗೆ ಗೊತ್ತು, ಅದು ‘ಕನ’. ದೊಡ್ಡಪ್ಪನದು ಯೂನಿಕೋಡಿಗೆ ಮುಂಚಿನ ನುಡಿ ಫಾಂಟು. ಆ ಕಾಲದ ಫಾಂಟುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ, ಮೇಲೆ ಕನ್ನಡದ ತುಂಡುಗಳ ವೇಷ. ಫಾಂಟ್ ತೆಗೆದರೆ ವೇಷ ಕಳಚುತ್ತದೆ. ಕರ್ನಾಟಕದ ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸತೇನಲ್ಲ.

ಬದಲಾಯಿಸುವ ಪ್ರೋಗ್ರಾಮನ್ನು ನಾನೇ ಬರೆದೆ, ಅದೇ ನಾನು ಮಾಡಿದ ತಪ್ಪು. ಆ ಫಾಂಟಿನಲ್ಲಿ ಅಕ್ಷರ ಕೂತಿರುವುದು ಕಣ್ಣಿಗೆ ಕಾಣುವ ಕ್ರಮದಲ್ಲಿ. ‘ಸೂರ್ಯ’ದಲ್ಲಿ ಯ ಮೊದಲು, ಅರ್ಕಾವತ್ತು ಕೊನೆಗೆ, ದೊಡ್ಡಪ್ಪನ ಕೈ ಬರೆದ ಹಾಗೇ. ಯೂನಿಕೋಡಿಗೆ ತರುವಾಗ ಆ ರ್ ಅನ್ನು ಎತ್ತಿ ಮುಂದಕ್ಕೆ ಹಾಕಬೇಕು. ಅದನ್ನು ಸರಿಯಾಗಿ ಮಾಡಿದೆ. ಒತ್ತು, ಗುಣಿತಗಳನ್ನೂ ಮಾಡಿದೆ. ಪರಿಶೀಲನೆಯಲ್ಲಿ ತಪ್ಪು ಸೊನ್ನೆಗೆ ಇಳಿಯಿತು. ಹೋಳಿಗೆ ತಿಂದು ಮಲಗಿದೆ.

ಐದಾರು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಅತ್ತೆಯ ಫೋನು.

“ಏನವಾ, ‘ಕೋಲಾಹಲ’ ಹಾಕಿದ್ರ ಮೂರು ಹಸರು ಬರ್ತಾವ, ಕೋ ಮಾತ್ರ ನೇರಳೆ ಬರ್ತದ. ಕೊ ಹಾಕಿದೆ, ಕೌ ಹಾಕಿದೆ, ಪದಾನ ಅಲ್ಲ ಅಂತದ. ಮತ್ತ ಹೆಂಗ ಬರೀಬೇಕು ಕೋಲಾಹಲ?”

ಉತ್ತರ ಕೋಲಾಹಲವೇ. ಅತ್ತೆ ಬರೆದದ್ದು ಸರಿ, ನನ್ನ ಕಡತದಲ್ಲಿ ಇದ್ದ ‘ಕೋ’ ಬೇರೆ. ಹಳೇ ಫಾಂಟಿನಲ್ಲಿ ಓಕಾರ ಒಂದೇ ತುಂಡಲ್ಲ. ಎತ್ವ, ಅದಕ್ಕೊಂದು ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಬಾಲ, ಹೀಗೆ ಮೂರು. ನನ್ನ ಪ್ರೋಗ್ರಾಮು ಮೂರಕ್ಕೆ ಮೂರು ಯೂನಿಕೋಡ್ ಚಿಹ್ನೆ ಇಟ್ಟುಬಿಟ್ಟಿತ್ತು. ಅತ್ತೆಯ ಫೋನಿನ ಕೀಲಿಮಣೆ ಇಡುವುದು ಓಕಾರದ ಒಂದೇ ಚಿಹ್ನೆ. ತೆರೆಯ ಮೇಲೆ ಎರಡಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಮೊದಲ ರಾತ್ರಿ ನಾನು ಗುಣಿತದ ಚಿಹ್ನೆ ಎಷ್ಟು ಬಂದರೂ ನುಂಗಲಿ ಅಂತ ಸಡಿಲ ಬಿಟ್ಟಿದ್ದೆನಲ್ಲ, ಅದಕ್ಕೇ ಪರಿಶೀಲನೆಯಲ್ಲೂ ಸಿಕ್ಕಿಬೀಳಲಿಲ್ಲ. ಬಿಗಿಯಾಗಿ ಒಂದೇ ಚಿಹ್ನೆ ಅಂತ ಬರೆದಿದ್ದರೆ ಅವತ್ತೇ ಸಾಲಿನ ಸಂಖ್ಯೆ ಸಮೇತ ಕೂಗುತ್ತಿತ್ತು.

ಮದ್ದು ಒಂದೇ ಸಾಲು. ಇಂಥ ಬಿಡಿ ತುಂಡುಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುವ ಕೆಲಸಕ್ಕೆ ಯೂನಿಕೋಡಿನಲ್ಲೇ ಪದ್ಧತಿಯಿದೆ, ಜಾವಾಸ್ಕ್ರಿಪ್ಟಿನಲ್ಲಿ ನಾರ್ಮಲೈಸ್ ಅಂದರೆ ಮಾಡಿಕೊಡುತ್ತದೆ. ಈಕಾರ, ಏಕಾರ, ಐತ್ವ, ಒಕಾರ, ಓಕಾರ ಎಲ್ಲದಕ್ಕೂ ಈ ಒಡಕಿನ ರೂಪ ಉಂಟು. ಉತ್ತರಕ್ಕೂ ಊಹೆಗೂ ಎರಡಕ್ಕೂ ಹಚ್ಚಿದೆ. ಅವತ್ತು ಅತ್ತೆಗೆ ಗೆಲುವು ಅಂತ ನಾನೇ ಬರೆದುಕೊಟ್ಟೆ, ಯಾರೂ ಆಕ್ಷೇಪಿಸಲಿಲ್ಲ.

ಬೆಳಗಿನ ಐದೂವರೆ

ಅತ್ತೆ ಏಳುವುದು ನಾಲ್ಕೂವರೆಗೆ. ಹಾಲು ಕಾಯಿಸಲು ಇಟ್ಟು ಆಟ ತೆಗೆಯುತ್ತಾರೆ. ಶುರುವಿನ ದಿನಗಳಲ್ಲಿ ಅವರದು ಒಂದೇ ದೂರು: “ನಿನ್ನಿದ ಐತಿ.” ಏಳು ಗಂಟೆಗೆ ನಾನು ನೋಡಿದರೆ ಹೊಸ ಪದವೇ ಇರುತ್ತಿತ್ತು. ಪುಟ ಮತ್ತೆ ತೆರೆಯಿರಿ ಅಂತ ಹೇಳಿ ಹೇಳಿ, ಒಂದು ದಿನ ನಾನೇ ನಾಲ್ಕೂವರೆಗೆ ಅಲಾರಂ ಇಟ್ಟು ಎದ್ದೆ. ನಿನ್ನೆಯದೇ ಇತ್ತು. ಐದೂವರೆಗೆ ಸರಿಯಾಗಿ ಬದಲಾಯಿತು. ಗಡಿಯಾರ ನೋಡುತ್ತಲೇ ಹಣೆ ಚಚ್ಚಿಕೊಂಡೆ. ದಿನಾಂಕವನ್ನು ನಾನು ತೆಗೆದುಕೊಂಡದ್ದು ಗ್ರಿನಿಚ್ ಲೆಕ್ಕದಲ್ಲಿ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ದಿನದ ಎಣಿಕೆಯನ್ನು ಭಾರತದ ಸಮಯಕ್ಕೆ ಕಟ್ಟಿದೆ.

ವರ್ಡಲ್‌ನಲ್ಲಿ ಅವರವರ ಊರಿನ ಮಧ್ಯರಾತ್ರಿಗೆ ಪದ ಬದಲಾಗುತ್ತದೆ. ನಾನು ಹಾಗೆ ಮಾಡಲಿಲ್ಲ. ತಂಗಿಗೆ ಹೊಸ ಪದ ಸಿಗುವುದು ಅವಳ ಹಗಲು ಹನ್ನೊಂದೂವರೆಗೆ, ಚಳಿಗಾಲದಲ್ಲಿ ಅವರು ಗಡಿಯಾರ ಹಿಂದೆ ತಿರುಗಿಸಿದಾಗ ಹತ್ತೂವರೆಗೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಆಡುತ್ತಾಳೆ, ನಾವೆಲ್ಲ ಮಲಗಿರುವಾಗ ಅವಳದೇ ಮೊದಲ ಚೌಕ ಗುಂಪಿಗೆ ಬಿದ್ದಿರುತ್ತದೆ. ಅದಕ್ಕೆ ಅತ್ತೆಗೆ ಸ್ವಲ್ಪ ಹೊಟ್ಟೆಕಿಚ್ಚು.

ಅಕ್ಕನ ಮಗನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅವನು ಸತತ ಒಂಬತ್ತು ದಿನ ಮೊದಲನೇ ಊಹೆಗೇ ಗೆದ್ದ. ಬ್ರೌಸರಿನ ಒಳಪೆಟ್ಟಿಗೆ ತೆರೆದು ಉತ್ತರದ ಪಟ್ಟಿ ನೋಡಿದ್ದಾನೆ. ಪುಟದಲ್ಲೇ ಪಟ್ಟಿ ಇರುವಾಗ ಮುಚ್ಚಿಡುವುದು ಸಾಧ್ಯವಿಲ್ಲ, ಮೂಲ ವರ್ಡಲ್ ಕೂಡ ಹಾಗೇ ಇತ್ತು. ನಾನು ಏನೂ ಸರಿಪಡಿಸಲಿಲ್ಲ. “ಚಿಕ್ಕಿ, ನೀವೇ ಓಪನ್ ಇಟ್ಟಿದ್ರಿ” ಅಂದ. ದೊಡ್ಡಪ್ಪ ಅವನಿಗೆ ಒಂದು ವಾರ ಬರೀ ಶುಭೋದಯದ ಫೋಟೋ ಕಳಿಸಿದರು, ತಿದ್ದಿಕೊಂಡ.

ಅರವತ್ತೊಂದು ದಿನ

ಈ ಭಾಗ ಬರೆಯಲು ಈಗಲೂ ಇಷ್ಟವಿಲ್ಲ. ಪುಟ ಇಟ್ಟಿದ್ದ ಪುಕ್ಕಟೆ ಜಾಗದ ವಿಳಾಸ ಉದ್ದವಾಗಿತ್ತು. ಚಿಕ್ಕದೊಂದು ವಿಳಾಸ ತೆಗೆದುಕೊಂಡು ಭಾನುವಾರ ಮಧ್ಯಾಹ್ನ ಆಟ ಸ್ಥಳಾಂತರ ಮಾಡಿದೆ. ಸೋಮವಾರ ಬೆಳಿಗ್ಗೆ ಅತ್ತೆಯ ಮೆಸೇಜಿಲ್ಲ. ಹತ್ತು ಗಂಟೆಗೆ ನಾನೇ ಫೋನ್ ಮಾಡಿದೆ. “ನಂದು ಅರವತ್ತೊಂದು ದಿನ ಇತ್ತವಾ. ಈಗ ಒಂದು ಅಂತದ” ಅಂದರು. ದನಿ ಸಣ್ಣಗಿತ್ತು. ಕೋಲಾಹಲದ ದಿನ ಕೂಡ ಹಾಗೆ ಮಾತಾಡಿರಲಿಲ್ಲ.

ಯಾರು ಎಷ್ಟು ದಿನ ಸತತ ಗೆದ್ದರು ಎಂಬ ಲೆಕ್ಕ ಅವರವರ ಬ್ರೌಸರಿನ ಉಗ್ರಾಣದಲ್ಲಿ ಇರುತ್ತದೆ, ಆ ಉಗ್ರಾಣ ವಿಳಾಸಕ್ಕೆ ಕಟ್ಟಿಹಾಕಿದ್ದು. ವಿಳಾಸ ಬದಲಾದರೆ ಬೀಗವೂ ಬೇರೆ, ಹಳೇ ಉಗ್ರಾಣಕ್ಕೆ ಹೊಸ ಪುಟ ಕೈ ಹಾಕುವಂತಿಲ್ಲ. ನನಗಿದು ಗೊತ್ತಿತ್ತು. ಆಫೀಸಿನಲ್ಲಿ ಬೇರೆಯವರು ಮಾಡಿದ್ದರೆ ಬೈಯುತ್ತಿದ್ದೆ.

ಪುಣ್ಯಕ್ಕೆ ಹಳೇ ಜಾಗ ಅಳಿಸಿರಲಿಲ್ಲ. ಅಲ್ಲಿ ಆಟ ತೆಗೆದು ಒಂದು ಸಣ್ಣ ಪುಟ ಇಟ್ಟೆ. ಅದು ಉಗ್ರಾಣದಿಂದ ಲೆಕ್ಕ ಓದಿ, ಹೊಸ ವಿಳಾಸದ ಕೊಂಡಿಯ ಬಾಲಕ್ಕೆ ಅಂಟಿಸಿ ಅಲ್ಲಿಗೆ ಕಳಿಸುತ್ತದೆ. ಹೊಸ ಪುಟ ಬಾಲ ಓದಿ ತನ್ನ ಉಗ್ರಾಣಕ್ಕೆ ತುಂಬಿಕೊಳ್ಳುತ್ತದೆ. ಹತ್ತು ಜನರದು ಹಾಗೆ ಬಂತು. ಅತ್ತೆಯದು ಬರಲಿಲ್ಲ. ಫೋನಿನಲ್ಲಿ ಜಾಗ ಸಾಲದೆ ಯಾರೋ ಬ್ರೌಸರಿನ ಡೇಟಾ ಅಳಿಸಿಕೊಟ್ಟಿದ್ದರಂತೆ, ಅದೂ ಅದೇ ಭಾನುವಾರ. ಕೊನೆಗೆ ಗುಂಪಿನ ಹಳೇ ಮೆಸೇಜುಗಳನ್ನು ಮೇಲಕ್ಕೆ ಸರಿಸುತ್ತ ಹೋಗಿ ಅತ್ತೆಯ ಚೌಕಗಳನ್ನು ಒಂದೊಂದೇ ಎಣಿಸಿದೆ. ಅರವತ್ತೊಂದು ಸರಿಯಾಗಿಯೇ ಇತ್ತು. ಸೋಮವಾರದ್ದೂ ಗೆದ್ದಿದ್ದರಿಂದ ಅರವತ್ತೆರಡು ಅಂತ ಬಾಲಕ್ಕೆ ಅಂಟಿಸಿದ ಕೊಂಡಿ ಕಳಿಸಿದೆ. ಈಗ ಆಟದ ಮೂಲೆಯಲ್ಲಿ ‘ಲೆಕ್ಕ ಬರೆದಿಡಿ’ ಎಂಬ ಗುಂಡಿ ಇದೆ, ತಿಂಗಳಿಗೊಮ್ಮೆ ಒತ್ತಿ ಅಂತ ಎಲ್ಲರಿಗೂ ಹೇಳಿದ್ದೇನೆ. ಒತ್ತುವವರು ಅತ್ತೆ ಒಬ್ಬರೇ.

ಚುರುಮುರಿ

ಅತ್ತೆಗೆ ಇನ್ನೊಂದು ಹಳೇ ಸಿಟ್ಟಿತ್ತು. ಅವರು ಮೊದಲ ದಿನವೇ ‘ಚುರುಮುರಿ’ ಹಾಕಿದ್ದರು, ಆಟ ‘ಪಟ್ಟಿಯಲ್ಲಿಲ್ಲ’ ಅಂದಿತ್ತು. ನಾನು ಸೋಸುವಾಗ ಎಲ್ಲಿ ಜಾರಿತೋ. “ಪದಾನ ಅಲ್ಲಂತ. ಹಂಗಾರ ಗಿರ್ಮಿಟ್ ಏನ್ ಗಾಳೀಲೆ ಮಾಡೂದಾ?” ಅಂತ ಅವತ್ತು ಕೇಳಿದ್ದರು. ಮೈಸೂರಿನ ನಮಗೆ ಚುರುಮುರಿ ಅಂದರೆ ಈರುಳ್ಳಿ, ಕ್ಯಾರೆಟ್, ಖಾರ ಕಲಸಿ ಪೊಟ್ಟಣದಲ್ಲಿ ಕೊಡುವ ತಿಂಡಿ, ಒಣದು ಕಡ್ಲೆಪುರಿ. ದಾವಣಗೆರೆ ಕಡೆ ಮಂಡಕ್ಕಿ. ಹುಬ್ಬಳ್ಳಿಯಲ್ಲಿ ಕಲಸುವ ಮೊದಲೇ ಅದು ಚುರುಮುರಿ, ಕಲಸಿದರೆ ಗಿರ್ಮಿಟ್. ಆಮೇಲೆ ಪಟ್ಟಿಗೆ ಮನೆಮಂದಿಯ ಪುರವಣಿ ಅಂತ ಒಂದು ಕಡತ ಸೇರಿಸಿದೆ. ಯಾರು ಬೇಕಾದರೂ ಪದ ಕಳಿಸಬಹುದು, ಇನ್ನಿಬ್ಬರು ‘ನಮ್ಮಲ್ಲೂ ಅಂತಾರೆ’ ಅಂದರೆ ಒಳಗೆ. ದೊಡ್ಡಪ್ಪ ಅದರಿಂದಲೂ ಕೆಲವನ್ನು ಉತ್ತರಕ್ಕೆ ಎತ್ತಿಕೊಂಡರಂತೆ, ನನಗೆ ಗೊತ್ತಿರಲಿಲ್ಲ.

ಕಳೆದ ಮಂಗಳವಾರ ನನ್ನ ಮೊದಲ ಊಹೆ ‘ಪರಿಮಳ’, ನಾನು ದಿನಾ ಶುರು ಮಾಡುವುದೇ ಅದರಿಂದ. ಪ ಕಪ್ಪು, ರಿ ಹಳದಿ, ಮ ನೇರಳೆ, ಳ ಕಪ್ಪು. ರಿ ಬೇರೆ ಕಡೆ ಇದೆ, ಮೂರನೆಯದು ಮಾ, ಮಿ, ಮು ಯಾವುದೋ ಒಂದು. ‘ರಿ’ ಎರಡನೇ ಜಾಗದಲ್ಲಿ ಇಲ್ಲ ಅಂದಮೇಲೆ ಅಲ್ಲಿ ರಕಾರವೇ ಇರಲಾರದು ಅಂತ ನಾಲ್ಕು ಊಹೆ ಕಳೆದುಕೊಂಡೆ. ಆರನೆಯದಕ್ಕೆ ಬಿಟ್ಟುಕೊಟ್ಟು ಏನೋ ಹಾಕಿದೆ, ಸೋತೆ. ತೆರೆಯ ಮೇಲೆ ‘ಚುರುಮುರಿ’ ಅಂತ ಬಂತು. ಎರಡನೆಯದು ರು.

ಅಂದರೆ ಆ ರಿ ಹಳದಿಯೂ ಹೌದು, ಅದೇ ಜಾಗದ ರುಗೆ ನೇರಳೆಯೂ ಹೌದು. ಹಳದಿ ಎರಡನೇ ಓಟದಲ್ಲಿ ಬರುತ್ತದೆ, ನೇರಳೆ ಮೂರನೆಯದರಲ್ಲಿ. ಹಳದಿ ಬಿದ್ದ ಚೌಕವನ್ನು ನೇರಳೆ ಮುಟ್ಟುವುದಿಲ್ಲ ಅಂತ ಬರೆದವಳೂ ನಾನೇ. ಎರಡೂ ಬಣ್ಣ ತೋರಿಸಬೇಕೋ, ಚೌಕವನ್ನು ಕರ್ಣಕ್ಕೆ ಸೀಳಿ ಅರ್ಧರ್ಧ ಹಚ್ಚಬೇಕೋ ಅಂತ ಗುಂಪಿನಲ್ಲಿ ಚರ್ಚೆ ನಡೆದಿದೆ. ಅರ್ಧರ್ಧಕ್ಕೆ ಇಮೋಜಿ ಇಲ್ಲ. ಅತ್ತೆ ಅವತ್ತು ಎರಡನೇ ಊಹೆಗೆ ಗೆದ್ದಿದ್ದರು, ಅವರ ಪ್ರಕಾರ ಆಟದಲ್ಲಿ ಯಾವ ದೋಷವೂ ಇಲ್ಲ.